ಪಾಸ್ಕಲ್ ಪೊರ್ಬುಗಳ ಬಿಳಿ ಗುಲ್ಮ

೧೯೭೮ರ ಮೇ ತಿಂಗಳ ಒಂದು ಮಂಗಳವಾರ ಉಡುಪಿಯ ಒಂದು ಖಾಸಗಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇದ್ರೀಸ್ ಒಬ್ಬ ಮುದುಕರನ್ನು ಗದರಿಸಿದ. ಅವನು ಸಾಮಾನ್ಯವಾಗಿ ಯಾರನ್ನೂ ಗದರಿಸುವವನಲ್ಲ. ಎಂಟು ವರ್ಷಗಳಿಂದ ಹೂಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಊರವರ ಎಲುಬು, ಎದೆಗೂಡುಗಳ ಚಿತ್ರ ತೆಗೆಯುತ್ತಿದ್ದ. ‘ಉಸಿರು ಎಳೆಯಿರಿ, ಹಿಡಿಯಿರಿ, ಬಿಡಿ’ ಎಂಬ ಮೂರು ಮಾತುಗಳನ್ನು ಬಿಟ್ಟರೆ ಆ ಕೋಣೆಯಲ್ಲಿ ಅವನ ದನಿ ಕೇಳಿದವರು ಕಡಿಮೆ.

“ಪೊರ್ಬುಗಳೇ, ಗುಳಿಗೆ ರಾತ್ರಿ ಊಟದ ನಂತರ ನುಂಗಬೇಕು ಅಂತ ಹೇಳಿದ್ದೆ ಅಲ್ವಾ? ಈಗಲೇ ನುಂಗಿದ್ದು ಯಾಕೆ?”

“ನಾನು ನುಂಗಲಿಲ್ಲ ಮಾರಾಯ್ರೆ,” ಎಂದು ಮುದುಕರು ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಬಿಡಿಸಿ ತೋರಿಸಿದರು. ಆರೂ ಗುಳಿಗೆಗಳು ಹಾಗೆಯೇ ಇದ್ದವು.

ಮುದುಕರ ಹೆಸರು ಪಾಸ್ಕಲ್. ಹಿರಿಯ ಕ್ರೈಸ್ತ ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ಆ ಕಡೆಯ ರೂಢಿ. ಊರು ಕಾಪು, ವಯಸ್ಸು ಅರವತ್ತಾರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸರಕು ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಎರಡು ತಿಂಗಳಿಂದ ಊಟವಾದ ಮೇಲೆ ಅವರ ಬಲಪಕ್ಕೆಯ ಕೆಳಗೆ ನೋವು ಬರುತ್ತಿತ್ತು. ಪಿತ್ತಕೋಶದಲ್ಲಿ ಕಲ್ಲಿರಬಹುದು ಎಂದು ಸರ್ಜನ್ ಎಕ್ಸ್‌ರೇಗೆ ಬರೆದುಕೊಟ್ಟಿದ್ದರು.

ಪಿತ್ತಕೋಶ ಬರೀ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎಲುಬು ಬೆಳ್ಳಗೆ ಬೀಳುತ್ತದೆ, ಗಾಳಿ ಕಪ್ಪಗೆ ಬೀಳುತ್ತದೆ. ನಡುವಿನದೆಲ್ಲ ಒಂದೇ ಬೂದು. ಅದಕ್ಕಾಗಿ ಅಯೋಡಿನ್ ಇರುವ ಗುಳಿಗೆಗಳನ್ನು ರಾತ್ರಿ ನುಂಗಿಸುತ್ತಾರೆ. ಬೆಳಗಾಗುವುದರೊಳಗೆ ಔಷಧ ಪಿತ್ತಕೋಶಕ್ಕೆ ಇಳಿದು ಅದನ್ನು ಬೆಳ್ಳಗೆ ತೋರಿಸುತ್ತದೆ. ಕೆಲಸ ಮುಗಿದ ಮೇಲೆ ಒಂದೆರಡು ದಿನದಲ್ಲಿ ದೇಹದಿಂದ ಹೊರಟುಹೋಗುತ್ತದೆ. ಹೋಲಿಸಿ ನೋಡಲು ಹಿಂದಿನ ದಿನ ಒಂದು ಬರಿಯ ಚಿತ್ರ ತೆಗೆದಿಟ್ಟುಕೊಳ್ಳುವುದು ಕ್ರಮ. ಇದ್ರೀಸ್ ತೆಗೆದದ್ದು ಆ ಬರಿಯ ಚಿತ್ರವನ್ನು.

ಆದರೆ ಆ ಚಿತ್ರದಲ್ಲಿ ಏನೂ ಬರಿದಾಗಿರಲಿಲ್ಲ. ಎಡಪಕ್ಕೆಯ ಒಳಗೆ ಗುಲ್ಮ, ಅಂದರೆ ಸ್ಪ್ಲೀನ್, ಇರುವ ಜಾಗದಲ್ಲಿ ಹಿಡಿ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಬಲಗಡೆ ಯಕೃತ್ತಿನ ತುಂಬ ಬಿಳಿ ಬಲೆ ಹರಡಿದ ಹಾಗೆ. ಯಾವ ಗುಳಿಗೆಯೂ ಗುಲ್ಮಕ್ಕೆ ಹೋಗುವುದಿಲ್ಲ ಎಂಬುದು ಗದರಿಸಿದ ಮೇಲೆ ಇದ್ರೀಸನಿಗೆ ನೆನಪಾಯಿತು. ಅವನು ಹೊಸ ಫಿಲ್ಮ್ ಪೆಟ್ಟಿಗೆ ಒಡೆದು, ಮೊದಲು ತನ್ನ ಅಂಗೈಯ ಚಿತ್ರ ತೆಗೆದು ನೋಡಿದ. ಅಂಗೈ ಅಂಗೈಯಂತೆಯೇ ಇತ್ತು. ಮತ್ತೆ ಪಾಸ್ಕಲರ ಹೊಟ್ಟೆಯ ಚಿತ್ರ ತೆಗೆದ. ಅದೇ ರವೆ, ಅದೇ ಬಲೆ.

ಸರ್ಜನ್ ಎರಡೂ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಯಾರದ್ದೋ ಬೇರಿಯಂ ಕುಡಿಸಿ ತೆಗೆದ ಫಿಲ್ಮ್ ಇದಕ್ಕೆ ಬೆರೆಸಿದ್ದೀಯ,” ಎಂದರು.

“ಬೇರಿಯಂ ಹೋಗುವುದು ಜಠರಕ್ಕೆ ಸರ್. ಗುಲ್ಮಕ್ಕೆ ಹೋಗುವುದಿಲ್ಲ.”

“ನನಗೆ ಹೇಳಿಕೊಡ್ತೀಯಾ?”

ಸಂಜೆಯೊಳಗೆ ಇದ್ರೀಸನ ಕೈಗೆ ಮೆಮೋ ಬಂತು. ಮೂರು ಪ್ರತಿ ಟೈಪು ಮಾಡಿದ ಅದರಲ್ಲಿ ‘ಅಜಾಗರೂಕತೆ’ ಎಂಬ ಪದ ಎರಡು ಸಲ ಇತ್ತು. ಒಂದು ಕಡೆ ಕಾಗುಣಿತ ತಪ್ಪಿತ್ತು.

ಆ ರಾತ್ರಿಯ ಊಟದಲ್ಲಿ ಎಣ್ಣೆ, ತೆಂಗಿನಕಾಯಿ ಇರಬಾರದು ಎಂದು ಆಸ್ಪತ್ರೆಯವರು ಹೇಳಿದ್ದರು. “ತೆಂಗಿನಕಾಯಿ ಇಲ್ಲದ ಊಟ ಅಂದರೆ ಎಂತ?” ಎಂದು ಪಾಸ್ಕಲರ ಹೆಂಡತಿ ಮೇಬಲ್ ಕೇಳಿದಳು. ಪಾಸ್ಕಲ್ ಬರೀ ಗಂಜಿಗೆ ಉಪ್ಪು ಹಾಕಿ ಉಂಡು ಆರು ಗುಳಿಗೆ ನುಂಗಿದರು. ಮರುದಿನದ ಚಿತ್ರದಲ್ಲಿ ಪಿತ್ತಕೋಶ ಬೆಳ್ಳಗೆ ತುಂಬಿ, ಅದರ ನಡುವೆ ಮೂರು ಕಲ್ಲುಗಳು ಕಪ್ಪು ಚುಕ್ಕೆಗಳಾಗಿ ಸ್ಪಷ್ಟವಾಗಿ ಕಂಡವು. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕೇಳದ ಪ್ರಶ್ನೆ ಮಾತ್ರ ಎರಡೂ ಪಕ್ಕೆಗಳಲ್ಲಿ ಹೊಳೆಯುತ್ತಲೇ ಇತ್ತು.

ಗುರುವಾರ ಇದ್ರೀಸ್ ಅರ್ಧ ದಿನ ರಜೆ ಹಾಕಿ, ಫಿಲ್ಮುಗಳ ದೊಡ್ಡ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಗಂಡಹೆಂಡತಿಯನ್ನು ಮಣಿಪಾಲದ ಬಸ್ಸು ಹತ್ತಿಸಿ ತಾನೂ ಹತ್ತಿದ. ಅಲ್ಲಿ ಎಕ್ಸ್‌ರೇ ವಿಭಾಗದಲ್ಲಿ ಡಾಕ್ಟರ್ ಐರಿನ್ ಇದ್ದರು. ಐವತ್ತು ದಾಟಿದ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುವ ಹೆಂಗಸು. ಕೊಂಕಣಿ ಮನೆಮಾತಿನವರಾದರೂ ಇದ್ರೀಸನಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಮಾತನಾಡಿದರು. ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಒಂದು ನಿಮಿಷ ನೋಡಿದರು. ರೋಗ ಏನೆಂದು ಕೇಳಲೇ ಇಲ್ಲ.

“ಎರಡನೇ ಮಹಾಯುದ್ಧಕ್ಕೆ ಮೊದಲು ನೀವು ಎಲ್ಲಿದ್ದಿರಿ?” ಎಂದು ಕೇಳಿದರು.

“ಹಡಗಿನಲ್ಲಿ,” ಎಂದರು ಪಾಸ್ಕಲ್.

“ಯಾವುದಾದರೂ ಊರಿನ ಆಸ್ಪತ್ರೆಯಲ್ಲಿ ನಿಮಗೆ ಇಂಜೆಕ್ಷನ್ ಕೊಟ್ಟು ಫೋಟೋ ತೆಗೆದದ್ದು ಉಂಟಾ?”

“ಇಲ್ಲ.”

“ನೆನಪು ಮಾಡಿ ಹೇಳಿ.”

“ನಾನು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಈ ವಾರವೇ.”

ಡಾಕ್ಟರ್ ಕುರ್ಚಿಯಿಂದ ಎದ್ದು ಬಂದು ಪಾಸ್ಕಲರ ಕಾಲರನ್ನು ಎರಡು ಬೆರಳಿನಿಂದ ಸರಿಸಿದರು. ಕುತ್ತಿಗೆಯ ಎಡಭಾಗದಲ್ಲಿ ಎರಡು ಅಂಗುಲದ ಹಳೆಯ ಗಾಯದ ಗುರುತು ಇತ್ತು.

ಅದರ ವಿಷಯ ಮೇಬಲ್ ಹೇಳಿದಳು. ಇದು ಅವಳಿಗೆ ಬಾಯಿಪಾಠವಾದ ಕಥೆ. ದೊಡ್ಡ ಬಂದರಿನಲ್ಲಿ ಹಡಗು ಕಟ್ಟುವಾಗ ಹಗ್ಗ ತುಂಡಾಗಿ ಚಾವಟಿಯಂತೆ ಬಂದು ಗಂಡನ ಕುತ್ತಿಗೆಗೆ ಬಡಿದದ್ದು. ಇನ್ನು ಒಂದು ಅಂಗುಲ ಆಚೆಗೆ ಬಿದ್ದಿದ್ದರೆ ತಲೆಯೇ ಹೋಗುತ್ತಿದ್ದದ್ದು. ಕಾಪುವಿನಿಂದ ಇನ್ನಂಜೆಯವರೆಗೆ ನೆಂಟರ ಮದುವೆಗಳಲ್ಲಿ ಪಾಸ್ಕಲ್ ಇದನ್ನು ಹೇಳದೆ ಊಟದ ಮೇಜಿನಿಂದ ಎದ್ದವರಲ್ಲ. ಮೊದಮೊದಲು ಹೆಬ್ಬೆರಳಿನಷ್ಟಿದ್ದ ಹಗ್ಗ ವರ್ಷಗಳು ಕಳೆದಂತೆ ಮೊಣಕೈಯಷ್ಟು ದಪ್ಪವಾಗಿತ್ತು.

“ಬಾಯಮ್ಮ, ಹಗ್ಗ ಇಷ್ಟು ನೇರವಾಗಿ ಕೊಯ್ಯುವುದಿಲ್ಲ,” ಎಂದರು ಡಾಕ್ಟರ್. “ಕೊಯ್ದರೂ ಇಷ್ಟು ಚಂದ ಹೊಲಿಗೆ ಹಾಕಿ ಹೋಗುವುದಿಲ್ಲ.”

ಪಾಸ್ಕಲ್ ಒಂದು ಲೋಟ ನೀರು ಕೇಳಿದರು. ಇದ್ರೀಸ್ ತಂದುಕೊಟ್ಟ. ಪೂರ್ತಿ ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಹೇಳತೊಡಗಿದರು.

೧೯೩೯ರ ಜನವರಿ. ಲಿಸ್ಬನ್ ಬಂದರು. ಅಡುಗೆಮನೆಯಲ್ಲಿ ಈರುಳ್ಳಿ ಕೊಯ್ಯುತ್ತಿದ್ದ ಪಾಸ್ಕಲ್ ಕೈಕಾಲು ಬಡಿಯುತ್ತ ಬಿದ್ದರು. ಎರಡು ದಿನ ಬಿಟ್ಟು ಮತ್ತೊಮ್ಮೆ. ಆಗ ಅವರಿಗೆ ಇಪ್ಪತ್ತೇಳು. ಬಂದರಿನ ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರುಗಳು ತಲೆಯೊಳಗೆ ಗಡ್ಡೆ ಉಂಟೋ ನೋಡಬೇಕೆಂದು ಕುತ್ತಿಗೆಯ ರಕ್ತನಾಳ ಬಿಡಿಸಿ ಏನನ್ನೋ ಚುಚ್ಚಿ ಫೋಟೋ ತೆಗೆದರು. ಗಡ್ಡೆ ಇರಲಿಲ್ಲ. ಗುಳಿಗೆ ಕೊಟ್ಟು ಕಳಿಸಿದರು. ಗುಳಿಗೆ ಎರಡು ವರ್ಷ ನುಂಗಿದರು. ಫಿಟ್ಸ್ ಮತ್ತೆಂದೂ ಬರಲಿಲ್ಲ.

“ಕಂಪೆನಿಗೆ ಗೊತ್ತಾದರೆ ಕೆಲಸ ಹೋಗುತ್ತಿತ್ತು,” ಎಂದರು ಪಾಸ್ಕಲ್. “ಸಣ್ಣ ಜ್ವರ ಅಂತ ಹೇಳಿ ಬೇರೆ ಹಡಗು ಹತ್ತಿದೆ. ಮರುವರ್ಷ ಊರಿಗೆ ಬಂದಾಗ ಇವಳ ಸಂಬಂಧ ಬಂತು. ಫಿಟ್ಸ್ ಇದ್ದವನಿಗೆ ಯಾರು ಹೆಣ್ಣು ಕೊಡ್ತಾರೆ?”

ಮನೆಯಲ್ಲಿ ಕೊಂಕಣಿ ಬಿಟ್ಟು ಬೇರೆ ಆಡದ ಮೇಬಲ್, ಸಾಕ್ಷಿಗಳಿಗೆ ಅರ್ಥವಾಗಲಿ ಎಂಬಂತೆ ಕನ್ನಡದಲ್ಲೇ ಕೇಳಿದಳು:

“ಹಾಗಾದರೆ ಹಗ್ಗ?”

“ಹಗ್ಗ ಇರಲಿಲ್ಲ.”

“ಸಣ್ಣದೂ ಇರಲಿಲ್ಲ?”

“ಇಲ್ಲ.”

ಮುಂದಿನದನ್ನು ಡಾಕ್ಟರ್ ವಿವರಿಸಿದರು. ಆ ಕಾಲದಲ್ಲಿ ರಕ್ತನಾಳ ತೋರಿಸಲು ಥೋರಿಯಂ ಇದ್ದ ಒಂದು ಔಷಧ ಬಳಕೆಯಲ್ಲಿತ್ತು. ಚಿತ್ರ ಬಹಳ ಚೆನ್ನಾಗಿ ಬರುತ್ತಿತ್ತು, ಚುಚ್ಚುವಾಗ ನೋವೂ ಇರಲಿಲ್ಲ. ಡಾಕ್ಟರುಗಳಿಗೆ ಬಹಳ ಇಷ್ಟವಾಗಿತ್ತು. ಅದರ ದೋಷ ಒಂದೇ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಗುಲ್ಮದಲ್ಲಿ, ಯಕೃತ್ತಿನಲ್ಲಿ ಕುಳಿತು ಸಣ್ಣಗೆ ವಿಕಿರಣ ಬಿಡುತ್ತ ಇರುತ್ತದೆ. ಲಂಡನ್ನಿನಲ್ಲಿ ಓದುವಾಗ ಇಂಥದ್ದೊಂದು ಫಿಲ್ಮ್ ನೋಡಿದ್ದರು, ಇದು ಎರಡನೆಯದು.

ಖಚಿತಪಡಿಸಿಕೊಳ್ಳಲು ಅವರು ಫಿಸಿಕ್ಸ್ ಕಲಿಸುವ ಒಬ್ಬ ಯುವಕನನ್ನು ಕರೆಸಿದರು. ಅವನು ವಿಕಿರಣ ಅಳೆಯುವ ಗೈಗರ್ ಕೌಂಟರ್ ಎಂಬ ಪೆಟ್ಟಿಗೆಯನ್ನು ಹೊತ್ತು ತಂದ. ಮೇಜಿನ ಹತ್ತಿರ ಹಿಡಿದಾಗ ಅದು ಬಿಟ್ಟುಬಿಟ್ಟು ಟಿಕ್ ಅಂದಿತು. ಮೇಬಲಳ ಹತ್ತಿರವೂ ಅಷ್ಟೇ. ಇದ್ರೀಸ್ ಕೇಳಿಕೊಂಡಿದ್ದರಿಂದ ಅವನ ಹತ್ತಿರವೂ ಹಿಡಿದ, ಅಲ್ಲೂ ಅಷ್ಟೇ. ಪಾಸ್ಕಲರ ಎಡಪಕ್ಕೆಗೆ ಹಿಡಿದಾಗ ಪೆಟ್ಟಿಗೆ ಬಿಸಿ ಎಣ್ಣೆಗೆ ಸಾಸಿವೆ ಬಿದ್ದಂತೆ ಸಿಡಿಯತೊಡಗಿತು. ಯುವಕನ ಮುಖದಲ್ಲಿ ಸಂತೋಷ ಕಾಣಿಸಿತು. ಡಾಕ್ಟರ್ ನೋಡಿದ್ದರಿಂದ ಕೂಡಲೇ ಅದನ್ನು ಅಡಗಿಸಿದ.

“ಇದನ್ನು ತೆಗೆಯಲು ಆಗುವುದಿಲ್ವಾ?” ಎಂದು ಪಾಸ್ಕಲ್ ಕೇಳಿದರು.

“ಇಲ್ಲ.”

“ತಾನಾಗಿ ಕರಗುತ್ತದಾ?”

“ಅರ್ಧ ಕರಗಲು ಸಾವಿರದ ನಾನೂರು ಕೋಟಿ ವರ್ಷ ಬೇಕು,” ಎಂದ ಯುವಕ.

ಪಾಸ್ಕಲ್ ಸ್ವಲ್ಪ ಯೋಚಿಸಿ, “ಹಾಗಾದರೆ ಕಾಯುವುದು ಬೇಡ,” ಎಂದರು.

ಡಾಕ್ಟರ್ ಏನನ್ನೂ ಮುಚ್ಚಿಡಲಿಲ್ಲ. ಪಿತ್ತಕೋಶದ ಕಲ್ಲನ್ನು ಆಪರೇಷನ್ ಮಾಡಿ ತೆಗೆಯಬಹುದು. ಥೋರಿಯಂ ಮುಂದೆ ಯಕೃತ್ತಿನಲ್ಲಿ ಕೆಟ್ಟ ಗಡ್ಡೆ ಬೆಳೆಸಬಹುದು, ಬೆಳೆಸದೆಯೂ ಇರಬಹುದು. ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು.

“ಪಕ್ಕದಲ್ಲಿ ಮಲಗುವವರಿಗೆ ತೊಂದರೆ ಉಂಟಾ?” ಎಂದು ಮೇಬಲ್ ಕೇಳಿದಳು.

“ಇಲ್ಲ ಬಾಯಮ್ಮ. ಹೆದರಬೇಡಿ.”

ಆದರೂ ಆ ಸಂಜೆ ಮೇಬಲ್ ತನ್ನ ಮಂಚವನ್ನು ಒಳಗಿನ ಕೋಣೆಗೆ ಎಳೆದುಕೊಂಡಳು. “ಡಾಕ್ಟರ್ ಹೇಳಿದರಲ್ಲ, ತೊಂದರೆ ಇಲ್ಲ ಅಂತ,” ಎಂದರು ಪಾಸ್ಕಲ್.

“ಔಷಧಕ್ಕೆ ಹೆದರಿ ಅಲ್ಲ,” ಎಂದಳು ಅವಳು. “ಹಗ್ಗಕ್ಕೆ.”

ಜೂನಿನಲ್ಲಿ ಮಣಿಪಾಲದಲ್ಲಿ ಆಪರೇಷನ್ ಆಗಿ ಮೂರು ಕಲ್ಲುಗಳೂ ಹೊರಬಂದವು. ಉಡುಪಿಯ ಸರ್ಜನ್ ಇದ್ರೀಸನಿಗೆ ಕೊಟ್ಟ ಮೆಮೋವನ್ನು ಹಿಂದಕ್ಕೆ ಪಡೆಯಲಿಲ್ಲ. ಅದನ್ನು ಹಿಂದಕ್ಕೆ ಪಡೆಯುವ ನಮೂನೆ ಆಫೀಸಿನಲ್ಲಿ ಇರಲಿಲ್ಲ. ಕಾಪು ಪೇಟೆಯಲ್ಲಿ ಪಾಸ್ಕಲರ ಹೊಟ್ಟೆಯಲ್ಲಿ ಕರೆಂಟು ಉಂಟೆಂದು ಸುದ್ದಿಯಾಯಿತು. ಒಬ್ಬ ಅಂಗಡಿಯವನು ಟ್ರಾನ್ಸಿಸ್ಟರ್ ತಂದು ಅವರ ಪಕ್ಕೆಯ ಹತ್ತಿರ ಹಿಡಿದು ನೋಡಿದ. ಅದರಲ್ಲಿ ಮಂಗಳೂರು ಆಕಾಶವಾಣಿಯ ಕೃಷಿ ಕಾರ್ಯಕ್ರಮ ಎಂದಿನಂತೆ ಬರುತ್ತಿತ್ತು.

ಮೇಬಲ್ ಗಂಡನಿಗೆ ಹೊತ್ತುಹೊತ್ತಿಗೆ ಊಟ ಬಡಿಸಿದಳು, ಗಾಯದ ಪಟ್ಟಿ ಬದಲಿಸಿದಳು. ಮಾತು ಮಾತ್ರ ಆಡಲಿಲ್ಲ. ಜುಲೈಯ ಒಂದು ದಿನ ಮೀನು ಹೆಚ್ಚುತ್ತ ಒಂದೇ ಮಾತು ಹೇಳಿದಳು: “ನನಗೆ ಸುಳ್ಳು ಹೇಳಿದ್ದು ಇರಲಿ. ಮೌರಿಸನಿಗೆ ಯಾರು ಹೇಳುವುದು?”

ಮೌರಿಸ್ ಅವರ ಒಬ್ಬನೇ ಮಗ. ವಯಸ್ಸು ಮೂವತ್ತಾರು. ಕಾರ್ಕಳದ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ೧೯೬೧ರಲ್ಲಿ ಅವನಿಗೂ ಹಡಗಿನ ಕೆಲಸಕ್ಕೆ ಬೊಂಬಾಯಿಯಿಂದ ಪತ್ರ ಬಂದಿತ್ತು. ಆಗ ಮೇಬಲ್ ಗಂಡನ ಕುತ್ತಿಗೆಯ ಕಡೆ ಬೆರಳು ತೋರಿಸಿ, ಒಂದು ಕುತ್ತಿಗೆ ಸಾಕು ಎಂದು ಹೇಳಿ ಪತ್ರವನ್ನು ಒಲೆಗೆ ಹಾಕಿದ್ದಳು.

ಪಾಸ್ಕಲ್ ಮರುದಿನವೇ ಕಾರ್ಕಳದ ಬಸ್ಸು ಹತ್ತಿದರು. ಬ್ಯಾಂಕಿನಲ್ಲಿ ಮೌರಿಸನ ಕೌಂಟರಿನ ಮುಂದೆ ಐದು ಜನ ಇದ್ದರು. ಅವರ ಹಿಂದೆ ಹೋಗಿ ನಿಂತರು. ಸರದಿ ಬಂದಾಗ ಮೌರಿಸ್ ತಲೆ ಎತ್ತದೆ ಕೈ ಚಾಚಿದ.

“ಪಾಸ್‌ಬುಕ್?”

“ನನ್ನ ಹತ್ತಿರ ಇಲ್ಲ,” ಎಂದರು ಪಾಸ್ಕಲ್. “ನಾನು ಒಂದು ವಿಷಯ ಹೇಳಲು ಬಂದದ್ದು.”

ಮೌರಿಸ್ ತಂದೆಯನ್ನು ಎದುರಿನ ಹೋಟೆಲಿಗೆ ಕರೆದುಕೊಂಡು ಹೋದ. ಪಾಸ್ಕಲ್ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದರು: ಈರುಳ್ಳಿ, ಫಿಟ್ಸ್, ಇಂಜೆಕ್ಷನ್, ಇಲ್ಲದ ಹಗ್ಗ. ಮೌರಿಸ್ ಚಹಾದ ಮೇಲಿನ ಕೆನೆಯನ್ನು ಚಮಚದಿಂದ ಬದಿಗೆ ತಳ್ಳುತ್ತ ಕೇಳಿದ.

“ಮಾಯ್ ಪತ್ರ ಒಲೆಗೆ ಹಾಕುವಾಗ ನೀವು ಅಲ್ಲೇ ಕುಳಿತಿದ್ದಿರಿ, ಪಪ್ಪಾ.”

“ಕುಳಿತಿದ್ದೆ.”

“ಬೆನ್ನು ತಿರುಗಿಸಿದಿರಿ.”

“ಬಾಯಿ ತೆರೆದರೆ ಎಲ್ಲ ಹೇಳಬೇಕಾಗುತ್ತಿತ್ತು.”

ಮೌರಿಸನಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಎದುರಿಗೆ ಆಪರೇಷನ್ ಆದ ಮುದುಕ, ಹಿಂದೆ ಬ್ಯಾಂಕಿನಲ್ಲಿ ಕಾಯುತ್ತಿರುವ ಜನ. ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಕೇಳಿದ: “ಲಿಸ್ಬನ್ ಹೇಗುಂಟು?”

“ಚಂದ ಉಂಟು,” ಎಂದರು ಪಾಸ್ಕಲ್. “ಗುಡ್ಡದ ಮೇಲೆ ಮನೆಗಳು. ಆಸ್ಪತ್ರೆಯ ಕಿಟಕಿಯಿಂದ ನೋಡಿದ್ದಷ್ಟೇ.”

ಮುಂದಿನ ಜನವರಿಯಲ್ಲಿ ಮೌರಿಸ್ ಹತ್ತು ದಿನ ರಜೆ ಹಾಕಿ ತಂದೆತಾಯಿಯನ್ನು ಬಸ್ಸಿನಲ್ಲಿ ಬೊಂಬಾಯಿಗೆ ಕರೆದುಕೊಂಡು ಹೋದ. ಅಲ್ಲಿಂದ ಪಣಜಿಗೆ ಬರುವ ಸ್ಟೀಮರಿಗೆ ಮೂರು ಟಿಕೆಟು ತೆಗೆದ. ಬ್ಯಾಂಕು ಕೊಡುವ ಪ್ರವಾಸ ಭತ್ಯೆ ಸುಮ್ಮನೆ ಹೋಗುತ್ತದೆ ಎಂದು ಕಾರಣ ಹೇಳಿದ. ಯಾರೂ ಬೇರೆ ಕಾರಣ ಕೇಳಲಿಲ್ಲ.

ಸ್ಟೀಮರ್ ಬಂದರು ಬಿಟ್ಟು ಒಂದು ಗಂಟೆಯಾಗುವುದರೊಳಗೆ ಮೌರಿಸ್ ವಾಂತಿ ಮಾಡತೊಡಗಿದ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ನಿಲ್ಲಿಸಲಿಲ್ಲ. ಪಾಸ್ಕಲ್ ಹಡಗಿನ ಅಡುಗೆಮನೆಗೆ ಹೋಗಿ, ತಮ್ಮ ಪರಿಚಯ ಹೇಳಿ, ಶುಂಠಿ ಜಜ್ಜಿ ನೀರು ಕುದಿಸಿ ತಂದರು. ಅದೂ ಹೊರಗೆ ಬಂತು. ಹುಟ್ಟಿದಾಗಿನಿಂದ ಕಾಪುವಿನ ಕಡಲನ್ನು ದಡದಿಂದ ಮಾತ್ರ ನೋಡಿದ್ದ ಮೇಬಲ್, ಕಟಾಂಜನ ಹಿಡಿದು ನಿಂತವಳು ಅಲ್ಲಿಂದ ಕದಲಲಿಲ್ಲ. ಸೆರಗು ಹಾರಿ ಮುಖಕ್ಕೆ ಬಡಿಯುತ್ತಿತ್ತು.

“ನೀವು ಇಷ್ಟು ವರ್ಷ ಇದರಲ್ಲಿ ಇದ್ದದ್ದಾ?” ಎಂದು ಗಂಡನನ್ನು ಕೇಳಿದಳು. ಜುಲೈಯ ಆ ಮಾತಿನ ನಂತರ ಅವಳು ಅವರನ್ನು ಕೇಳಿದ ಮೊದಲ ಪ್ರಶ್ನೆ ಅದು.

“ನಾನು ಇದ್ದದ್ದು ಕೆಳಗೆ, ಅಡುಗೆಮನೆಯಲ್ಲಿ. ಅಲ್ಲಿ ಕಿಟಕಿ ಇರಲಿಲ್ಲ.”

“ಅಯ್ಯೋ ಪಾಪ,” ಎಂದಳು ಮೇಬಲ್. ಆಮೇಲೆ ಬಕೆಟಿನ ಮೇಲೆ ಬಾಗಿದ್ದ ಮಗನ ಕಡೆ ತಿರುಗಿ, “ಇವನು ಹಡಗಿನಲ್ಲಿ ಒಂದು ವಾರ ನಿಲ್ಲುತ್ತಿರಲಿಲ್ಲ,” ಎಂದಳು. ದನಿಯಲ್ಲಿ ದೊಡ್ಡ ಸಮಾಧಾನ ಇತ್ತು.

ಮೌರಿಸ್ ತಲೆ ಎತ್ತಿ ಬಾಯಿ ಒರೆಸಿಕೊಂಡ. “ಅದು ನನಗೆ ಹತ್ತೊಂಬತ್ತನೆಯ ವಯಸ್ಸಿಗೆ ಗೊತ್ತಾಗಬೇಕಿತ್ತು ಮಾಯ್,” ಎಂದ. “ನಾನೇ ವಾಂತಿ ಮಾಡಿ, ನಾನೇ ವಾಪಸು ಬರಬೇಕಿತ್ತು.”

ಮೇಬಲ್ ಹೋಗಿ ಅವನ ಬೆನ್ನು ನೀವಿದಳು. ಸ್ವಲ್ಪ ಹೊತ್ತಿನ ಮೇಲೆ ಪಾಸ್ಕಲ್ ಬಕೆಟನ್ನು ತೊಳೆದು ತಂದಿಟ್ಟರು.

ಊರಿಗೆ ಮರಳಿದ ವಾರ ಮಂಚ ಮೊದಲಿನ ಜಾಗಕ್ಕೆ ಬಂತು. ಪಾಸ್ಕಲ್ ಮತ್ತೆ ನಾಲ್ಕು ವರ್ಷ ಚೆನ್ನಾಗಿಯೇ ಇದ್ದರು. ಆರು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋದರು. ಅವರ ಫಿಲ್ಮನ್ನು ವಿದ್ಯಾರ್ಥಿಗಳಿಗೆ ತೋರಿಸಬಹುದೇ ಎಂದು ಡಾಕ್ಟರ್ ಐರಿನ್ ಕೇಳಿದಾಗ ಒಪ್ಪಿದರು. ಹೆಸರನ್ನು ಅಳಿಸಿಯೇ ತೋರಿಸುತ್ತೇವೆ ಎಂದದ್ದಕ್ಕೆ ಸ್ವಲ್ಪ ಬೇಸರಪಟ್ಟರು.

೧೯೮೩ರ ಮಾರ್ಚಿನಲ್ಲಿ ಕಣ್ಣು ಹಳದಿಯಾಯಿತು. ಯಕೃತ್ತಿನಲ್ಲಿ ಗಡ್ಡೆ ಬೆಳೆದಿತ್ತು. ಮಣಿಪಾಲದಲ್ಲಿ ಇಟ್ಟುಕೊಳ್ಳುತ್ತೇವೆ ಎಂದರೂ ಪಾಸ್ಕಲ್ ಕಾಪುವಿನ ಮನೆಗೇ ಹೋಗುತ್ತೇನೆ ಎಂದರು. ಮೌರಿಸ್ ರಜೆಯ ಮೇಲೆ ಬಂದು ತಂದೆಯನ್ನು ಎತ್ತಿ ಕೂರಿಸುವುದು, ಮೀಯಿಸುವುದು ಮಾಡಿದ. ಅವರಿಬ್ಬರ ನಡುವೆ ೧೯೬೧ರ ಮಾತು ಮತ್ತೆ ಬರಲಿಲ್ಲ. ಅದು ಮುಗಿದಿತ್ತು ಎಂದಲ್ಲ. ಮೇ ಹನ್ನೊಂದರ ಬೆಳಗ್ಗೆ, ಮೇಬಲ್ ಕಾಫಿ ತರಲು ಹೋದಾಗ, ಪಾಸ್ಕಲ್ ತೀರಿಕೊಂಡರು.

ಸುದ್ದಿ ತಿಳಿದು ಇದ್ರೀಸ್ ಉಡುಪಿಯಿಂದ ಬಂದ. ಇಗರ್ಜಿಯಲ್ಲಿ ಪಾದ್ರಿಗಳ ಪೂಜೆ ಮುಗಿಯುವವರೆಗೆ ಗೇಟಿನ ಹೊರಗೆ ಮರದ ಕೆಳಗೆ ನಿಂತಿದ್ದು, ಮಣ್ಣು ಮಾಡುವಾಗ ಒಳಗೆ ಬಂದು ಒಂದು ಹಿಡಿ ಮಣ್ಣು ಹಾಕಿದ. ಯಾವ ಕಾಯಿಲೆ ಎಂದು ನೆಂಟರು ಕೇಳಿದಾಗ ಮೇಬಲ್ ಲಿಸ್ಬನ್ನಿನಿಂದ ಶುರುಮಾಡಿ, ಫಿಟ್ಸನ್ನೂ ಬಿಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಕೇಳಿದವರಿಗೆ ಯಾವ ಕಡೆ ನೋಡಬೇಕೆಂದು ತಿಳಿಯುತ್ತಿರಲಿಲ್ಲ.

ಎಲ್ಲರೂ ಮನೆಗೆ ಬಂದ ಮೇಲೆ, ಹೊರಡುತ್ತೇನೆ ಎಂದು ಹೇಳಲು ಇದ್ರೀಸ್ ಮೇಬಲಳ ಹತ್ತಿರ ಹೋದ.

“ಉಣ್ಣದೆ ಹೋಗುವುದು ಬೇಡ,” ಎಂದಳು ಮೇಬಲ್. “ಇವತ್ತು ಮಾಂಸ ಮಾಡಲಿಲ್ಲ. ಗಂಜಿ ಉಂಟು, ಬಂಗುಡೆ ಉಂಟು, ಸೌತೆಕಾಯಿ ಪಲ್ಯ ಉಂಟು.”

“ಬಸ್ಸು ಉಂಟು ಬಾಯಮ್ಮ, ಎರಡೂವರೆಗೆ.”

“ಮೂರೂವರೆಗೂ ಉಂಟು.”

ಮೌರಿಸ್ ಜಗಲಿಯಲ್ಲಿ ಎರಡು ಮಣೆ ಹಾಕಿ, ಇದ್ರೀಸನ ಜೊತೆ ತಾನೂ ಕುಳಿತ. ಮೇಬಲ್ ಬಡಿಸಿದಳು. ಬಂಗುಡೆ ಖಾರವಾಗಿತ್ತು. ಇದ್ರೀಸ್ ಎರಡು ಸಲ ಗಂಜಿ ಹಾಕಿಸಿಕೊಂಡು ಉಂಡು, ಕೈ ತೊಳೆದು, ಮೂರೂವರೆಯ ಬಸ್ಸಿಗೆ ಹೋದ.